ಮಾತು ಹೊತ್ತ ತಿಂಗಳು

ನಮ್ಮ ಮನೆಯ ಮಗ್ಗಕ್ಕೆ ಇಬ್ಬರು ಬೇಕಿತ್ತು. ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಮಗ್ಗವಿಲ್ಲದ ಮನೆಯೇ ಇರಲಿಲ್ಲ. ಆದರೆ ಬಹಳ ಜನ ನೇಯುತ್ತಿದ್ದುದು ಒಬ್ಬರೇ ಕೂತು ಮುಗಿಸಬಹುದಾದ ಸಾದಾ ಸೀರೆ. ನಮ್ಮದು ಒಡಲಿಗೊಂದು ಬಣ್ಣ, ಅಂಚಿಗೊಂದು ಬಣ್ಣದ ಸೀರೆ. ಅದಕ್ಕೆ ಮೂರು ಲಾಳಿ ಓಡಬೇಕು. ನೆಲದಲ್ಲಿ ತೋಡಿದ ಗುಂಡಿಗೆ ಕಾಲು ಇಳಿಬಿಟ್ಟುಕೊಂಡು ಒಬ್ಬರು ನಡುವೆ ಕೂರುತ್ತಾರೆ, ಮೆಟ್ಟುಗೋಲು ತುಳಿಯುತ್ತಾರೆ. ಇನ್ನೊಬ್ಬರು ಎಡಗಡೆ ಕೂತು ಆ ತುದಿಯ ಅಂಚನ್ನು ನೋಡಿಕೊಳ್ಳುತ್ತಾರೆ. ಲಾಳಿ ಇವರ ಕೈಯಿಂದ ಅವರ ಕೈಗೆ ಹೋಗಿ ತಿರುಗಿ ಬರಬೇಕು. ಚಿಕ್ಕಪ್ಪ ನಾಗಪ್ಪನ ಕಾಲಿಗೆ ಬಲ ಹೆಚ್ಚು, ಅಪ್ಪನ ಕಣ್ಣಿಗೆ ಅಂಚಿನ ಹದ ಹೆಚ್ಚು ಗೊತ್ತು. ಹಾಗಾಗಿ ತಮ್ಮ ನಡುವೆ, ಅಣ್ಣ ಪಕ್ಕದಲ್ಲಿ. ನಾನು ಹುಟ್ಟುವ ಮೊದಲಿನಿಂದಲೂ ಇದೇ ಜಾಗ. ಮಗ್ಗ ಇದ್ದ ನಡುಮನೆಯೇ ನಮ್ಮ ಮನೆಯ ದೊಡ್ಡ ಕೋಣೆ. ಮುಂದೆ ಬೀದಿಯ ಜಗಲಿ, ಹಿಂದೆ ಕತ್ತಲೆಯ ಅಡುಗೆಮನೆ, ಅದರ ಹಿಂದೆ ಬಾವಿ, ಒಂದಿಷ್ಟು ದಂಟಿನ ಸೊಪ್ಪು. ಬಾವಿಕಟ್ಟೆಯ ಮೇಲೆ ನಿಂತರೆ ದೂರದಲ್ಲಿ ಮಾಕಳಿದುರ್ಗದ ಬೆಟ್ಟ ಕಾಣುತ್ತಿತ್ತು. ಬೆಳಿಗ್ಗೆ ಎದ್ದಾಗ ಮಗ್ಗದ ಸದ್ದು ಕೇಳದಿದ್ದರೆ ಯಾರಿಗೋ ಜ್ವರ ಬಂದಿದೆ ಎಂದೇ ಅರ್ಥ.

ಊಟಕ್ಕೆ ಅಣ್ಣತಮ್ಮಂದಿರು ಅಕ್ಕಪಕ್ಕ ಕೂರುತ್ತಿದ್ದರು, ಅಜ್ಜಿ ಎದುರಿಗೆ. ಅಮ್ಮ ಮುದ್ದೆ ಇಡುತ್ತಿದ್ದಳು, ಚಿಕ್ಕಮ್ಮ ಸಾರು ಬಿಡುತ್ತಿದ್ದಳು. ಚಿಕ್ಕಪ್ಪನಿಗೆ ಮಕ್ಕಳಿರಲಿಲ್ಲ. ನಾನು ಹನ್ನೊಂದರ ಹುಡುಗಿ, ಆ ಮನೆಯಲ್ಲಿದ್ದ ಒಂದೇ ಮಗು. ಅಪ್ಪನಿಗಿಂತ ಚಿಕ್ಕಪ್ಪನ ಹೆಗಲ ಮೇಲೆಯೇ ಹೆಚ್ಚು ಬೆಳೆದವಳು. ಅವನು ತನ್ನ ತಟ್ಟೆಯ ಬೆಂದ ಅವರೆಕಾಳನ್ನು ಬೆರಳಲ್ಲಿ ಒತ್ತಿ, ಒಂದೊಂದನ್ನೇ ನನ್ನ ತಟ್ಟೆಗೆ ಚಿಮ್ಮಿಸುತ್ತಿದ್ದ. ಅಜ್ಜಿ ಬೈಯುತ್ತಿದ್ದಳು, ಅಪ್ಪ ನೋಡಿಯೂ ನೋಡದವನಂತೆ ಇರುತ್ತಿದ್ದ.

ಯುದ್ಧ ಮುಗಿದು ರೇಷನ್ನು ಮುಗಿಯದ ಕಾಲ. ಮೈಸೂರಿನ ಸಭೆಗೆ ಚುನಾವಣೆ ಬರುವುದಿತ್ತು. ಪಕ್ಷದ ವಿಷಯದಲ್ಲಿ ನಮ್ಮ ಮನೆಯಲ್ಲಿ ಎರಡು ಮಾತಿರಲಿಲ್ಲ. ಅಪ್ಪ, ಚಿಕ್ಕಪ್ಪ, ಚರಕದ ಮುಂದೆ ಕೂತೇ ಮುದುಕಿಯಾದ ಅಜ್ಜಿ, ಮೂವರೂ ಒಂದೇ ಪಕ್ಷದ ಸದಸ್ಯರು. ಜಗಳ ಬಂದದ್ದು ಪಕ್ಷ ಯಾರನ್ನು ನಿಲ್ಲಿಸಬೇಕು ಎನ್ನುವುದರ ಮೇಲೆ. ನಿಲ್ಲಬೇಕೆಂದಿದ್ದವರು ಇಬ್ಬರು, ಜಾಗ ಒಂದು. ತಾಲ್ಲೂಕಿನ ಸದಸ್ಯರೆಲ್ಲ ಒಂದು ದಿನ ಪೇಟೆಯ ಶಾಲೆಯಲ್ಲಿ ಸೇರಿ, ಓಟು ಹಾಕಿ, ಒಬ್ಬರನ್ನು ಆರಿಸಿ ಹೇಳಿ ಎಂದು ಮೇಲಿನವರು ಬರೆದು ಕಳಿಸಿದ್ದರು. ಒಬ್ಬರು ಪೇಟೆಯ ವಕೀಲ ರಂಗಣ್ಣನವರು. ಚಳವಳಿಯಲ್ಲಿ ಜೈಲಿಗೆ ಹೋಗಿ, ಬಂದಾಗ ಕೆಮ್ಮು ಹಚ್ಚಿಕೊಂಡು ಬಂದವರು. ನೂಲಿನ ವ್ಯಾಪಾರಿಯೊಬ್ಬ ನಮ್ಮ ಬೀದಿಯವರ ಮೇಲೆ ಸುಳ್ಳು ದಾವೆ ಹಾಕಿದಾಗ, ಒಂದು ಎಳನೀರನ್ನೂ ಮುಟ್ಟದೆ ವಾದ ಮಾಡಿ ಗೆಲ್ಲಿಸಿದ್ದರು. ಅಪ್ಪನಿಗೆ ಅವರೆಂದರೆ ದೇವರು. ಇನ್ನೊಬ್ಬರು ಬೆಟ್ಟದ ಕೆಳಗಿನ ಹಳ್ಳಿಯ ಪಟೇಲ ಚನ್ನೇಗೌಡರು. ಯುದ್ಧದ ಕಾಲದಲ್ಲಿ ನೂಲೂ ಸಿಗದೆ ರಾಗಿಯೂ ಸಿಗದೆ ಮಗ್ಗಗಳು ನಿಂತಾಗ, ನೆಲದೊಳಗಿನ ತಮ್ಮ ಹಗೇವು ತೆಗೆಸಿ ನಮ್ಮ ಬೀದಿಗೆ ರಾಗಿ ಹೊರಿಸಿದವರು. ಆ ಮೂಟೆಗಳನ್ನು ಇಳಿಸಿಕೊಂಡವನು ಚಿಕ್ಕಪ್ಪ. ಈಗ ಈ ವಯಸ್ಸಿನಲ್ಲಿ ಕೂತು ಯೋಚಿಸಿದರೆ ಇಬ್ಬರೂ ಒಳ್ಳೆಯವರೇ. ಅದೇ ಕಷ್ಟವಾದದ್ದು. ಒಬ್ಬರು ಕೆಟ್ಟವರಾಗಿದ್ದರೆ ನಮ್ಮ ಮನೆಯಲ್ಲಿ ಜಗಳವೇ ಆಗುತ್ತಿರಲಿಲ್ಲ.

ಮೊದಮೊದಲು ಅದು ತಮಾಷೆಯಾಗಿಯೇ ಇತ್ತು. ಇಬ್ಬರ ಕಣ್ಣೂ ಅಜ್ಜಿಯ ಓಟಿನ ಮೇಲೆ. ಅಪ್ಪ ಎಳೆ ವೀಳ್ಯದೆಲೆ ಹುಡುಕಿ ತಂದುಕೊಡುತ್ತಿದ್ದ. ಚಿಕ್ಕಪ್ಪ ಕೇಳದೆಯೇ ಕಾಲು ಒತ್ತುತ್ತಿದ್ದ.

“ಒತ್ತಪ್ಪಾ ಒತ್ತು. ಈ ಚುನಾವಣೆ ವರ್ಷವರ್ಷ ಬರ್ಲಿ,” ಅನ್ನುತ್ತಿದ್ದಳು ಅಜ್ಜಿ. “ಯಾರಿಗೆ ಹಾಕ್ತೀನಿ ಅಂತ ಮಾತ್ರ ಯಮ ಬಂದು ಕೇಳಿದ್ರೂ ಹೇಳಲ್ಲ.”

ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ತಮಾಷೆ ದಾರಿ ತಪ್ಪಿತು. ಹೇಗೆ ಶುರುವಾಯಿತೋ ತಿಳಿಯದು. ನನಗೆ ನೆನಪಿರುವುದು ಚಿಕ್ಕಪ್ಪ ಆಡಿದ ಮಾತಿನಿಂದ ಮುಂದೆ.

“ಜೈಲಿಗೆ ಹೋದೋರೆಲ್ಲ ದೊಡ್ಡೋರು ಅಂದ್ರೆ ಆ ಕೋಳಿಕಳ್ಳ ಮಾರನ್ನೂ ನಿಲ್ಲಿಸ್ಬಿಡಣ್ಣ. ಅವ್ನು ಮೂರು ಸಲ ಹೋಗ್ಬಂದವ್ನೆ.”

ಅಪ್ಪ ಮುದ್ದೆ ಮುರಿಯುತ್ತಿದ್ದ ಕೈ ನಿಲ್ಲಿಸಿದ.

“ಹೊಟ್ಟೆಗೆ ಹಾಕ್ದೋರಿಗೆ ತಲೇನೂ ಕೊಟ್ಬಿಟ್ಟಿದೀಯ ಕಣೋ ನೀನು. ನಿನ್ನ ಓಟು ಎರಡು ಸೇರು ರಾಗೀಗೆ ಹೋಯ್ತು.”

“ಆ ರಾಗಿ ನೀನು ತಿನ್ಲಿಲ್ವಾ? ನಿನ್ನ ಮಗಳು ತಿನ್ಲಿಲ್ವಾ?”

ಅಪ್ಪ ಎದ್ದುಬಿಟ್ಟ. ತಟ್ಟೆಯಲ್ಲಿ ಅರ್ಧ ಮುದ್ದೆ ಉಳಿದಿತ್ತು. ನಮ್ಮ ಮನೆಯಲ್ಲಿ ಯಾರೂ ಅದುವರೆಗೆ ಮುದ್ದೆ ಬಿಟ್ಟು ಎದ್ದವರಲ್ಲ. ಬಾವಿಕಟ್ಟೆಯಲ್ಲಿ ಕೈ ತೊಳೆದು ಬಂದು, ತಮ್ಮನ ಕಡೆ ನೋಡದೆ ಹೇಳಿದ:

“ಇವತ್ತಿಂದ ನಿನಗೂ ನನಗೂ ಮಾತಿಲ್ಲ.”

“ಮಾತಿಲ್ದಿದ್ಮೇಲೆ ಮನೆ ಯಾಕೆ ಒಂದಿರ್ಬೇಕು? ಪಾಲು ಮಾಡ್ಬಿಡು,” ಎಂದ ಚಿಕ್ಕಪ್ಪ.

ಅಜ್ಜಿ ಎಲೆಯ ಚೀಲ ಕಟ್ಟಿ ಪಕ್ಕಕ್ಕಿಟ್ಟಳು. ಓಟು ಮುಗಿಯಲಿ, ಅದರ ಮಾರನೆಯ ದಿನ ಪಾಲು ಮಾಡೋಣ, ಅಲ್ಲಿಯ ತನಕ ಒಲೆ ಒಂದೇ, ಮಗ್ಗ ಒಂದೇ ಎಂದಳು. ಇಬ್ಬರೂ ಒಪ್ಪಿದರು. ಸಂಜೆ ಅಪ್ಪ ಹಗ್ಗ ಹಿಡಿದು ನಡುಮನೆಯ ಅಗಲ ಅಳೆಯುತ್ತಿದ್ದುದನ್ನು ನಾನು ಕಂಡೆ. ಹಗ್ಗದ ಮಧ್ಯ ಸರಿಯಾಗಿ ಮಗ್ಗದ ಗುಂಡಿಯ ಮೇಲೆ ಬರುತ್ತಿತ್ತು. ಅಪ್ಪ ಎರಡು ಸಲ ಅಳೆದ. ಆಮೇಲೆ ಹಗ್ಗ ಸುತ್ತಿಟ್ಟ.

ಮಗ್ಗಕ್ಕೆ ಇಬ್ಬರು ಬೇಕು, ಇಬ್ಬರಿಗೆ ಮಾತಿಲ್ಲ. ಹಾಗಾಗಿ ನನ್ನನ್ನು ಮಗ್ಗದ ಪಕ್ಕದಲ್ಲಿ ಕೂರಿಸಿದರು. ಮೂರು ಮೊಳ ದೂರದಲ್ಲಿ ಕೂತವರು ನನ್ನ ಮೂಲಕ ಮಾತಾಡತೊಡಗಿದರು.

“ಗಿರಿಜಾ, ನಿನ್ನ ಚಿಕ್ಕಪ್ಪಂಗೆ ಹೇಳು, ಬಿಗಿ ಜಾಸ್ತಿಯಾಯ್ತು ಅಂತ.”

“ಹೇಳಮ್ಮಾ ನಿಮ್ಮಪ್ಪಂಗೆ, ನನಗೂ ಕಣ್ಣೈತೆ ಅಂತ.”

ಇಬ್ಬರಿಗೂ ಇಬ್ಬರ ಮಾತೂ ಕೇಳಿಸುತ್ತಿತ್ತು. ಆದರೂ ನಾನು ಮತ್ತೆ ಹೇಳುವ ತನಕ ಕೇಳಿಸದವರಂತೆ ಕೂತಿರುತ್ತಿದ್ದರು. ಒಂದು ವಾರ ಕಳೆಯುವಷ್ಟರಲ್ಲಿ ಅದು ಎಷ್ಟು ರೂಢಿಯಾಯಿತೆಂದರೆ, ನಾನು ನೀರು ಕುಡಿಯಲು ಎದ್ದರೆ ಮಗ್ಗ ನಿಲ್ಲುತ್ತಿತ್ತು. ಆಗಲೇ ನಾನು ನನ್ನ ತಪ್ಪು ಶುರು ಮಾಡಿದ್ದು. ಅಪ್ಪ ಅಳೆದ ಹಗ್ಗ ನನ್ನ ಕಣ್ಣಿನಿಂದ ಹೋಗಿರಲಿಲ್ಲ. ಒಬ್ಬರು ಹಿತ್ತಿಲಲ್ಲಿದ್ದು ಇನ್ನೊಬ್ಬರು ಒಳಗಿದ್ದಾಗ ಮಾತು ತೆಗೆದುಕೊಂಡು ಹೋಗುವ ದಾರಿಯಲ್ಲಿ ಅದನ್ನು ಸ್ವಲ್ಪ ಮೃದು ಮಾಡುತ್ತಿದ್ದೆ. “ಆ ಮೂದೇವಿಗೆ ನೂಲು ನೆನೆಹಾಕು ಅನ್ನು” ಎಂಬುದು “ನೂಲು ನೆನೆಹಾಕ್ಬೇಕು ಅಂತ ಅಪ್ಪ ಅಂದ್ರು” ಆಗುತ್ತಿತ್ತು. ಅಷ್ಟರಲ್ಲೇ ನಿಂತಿದ್ದರೆ ಚೆನ್ನಾಗಿತ್ತು. ಆಮೇಲೆ ನನ್ನದೇ ಮಾತು ಕಟ್ಟತೊಡಗಿದೆ. ಒಂದು ದಿನ ಚಿಕ್ಕಪ್ಪನ ಹತ್ತಿರ ಹೋಗಿ, “ಇವತ್ತು ಜತೇಲಿ ಊಟ ಮಾಡೋಣ ಅಂತ ಅಪ್ಪ ಅಂದ್ರು” ಎಂದೆ. ಚಿಕ್ಕಪ್ಪನ ಮುಖ ಅರಳಿದ್ದು ಈಗಲೂ ಕಣ್ಣಿಗೆ ಕಟ್ಟಿದೆ. ಕೈಕಾಲು ತೊಳೆದು, ಬೇರೆ ಪಂಚೆ ಉಟ್ಟು ಬಂದು ಅಪ್ಪನ ಪಕ್ಕ ಕೂತ. ಅಪ್ಪ ತನ್ನ ತಟ್ಟೆ ಎತ್ತಿಕೊಂಡು ಜಗಲಿಗೆ ಹೋದ. ಚಿಕ್ಕಪ್ಪ ನನ್ನನ್ನು ನೋಡಿದ. ಬೈಯಲಿಲ್ಲ.

“ನೀನೇ ಕಟ್ಟಿದ್ದೇನೇ ಕಳ್ಳಿ?” ಎಂದು ಮೆಲ್ಲಗೆ ಕೇಳಿ, ಸಾರಿಗೆ ಕೈ ಹಾಕಿದ. ಅಂದು ನನ್ನ ತಟ್ಟೆಗೆ ಅವರೆಕಾಳು ಬರಲಿಲ್ಲ.

ಓಟಿಗೆ ಹತ್ತು ದಿನ ಇರುವಾಗ ಹೊಸ ಹಾಸು ಚಾಚಬೇಕಾಯಿತು. ಸೀರೆಗೆ ಉದ್ದಕ್ಕೆ ಬರುವ ಎಳೆಗಳೇ ಹಾಸು. ಅವನ್ನು ಬೀದಿಯ ಉದ್ದಕ್ಕೂ ಬಿದಿರಿನ ಕತ್ತರಿಗೋಲುಗಳ ಮೇಲೆ ಹರಡಿ, ಗಂಜಿ ಬಳಿದು, ಕುಂಚದಿಂದ ತೀಡಿ, ಬಿಸಿಲೇರುವ ಮೊದಲು ಒಣಗಿಸಬೇಕು. ಬೀದಿಯಲ್ಲಿ ಹಾಸು ಇದ್ದರೆ ಯಾರೂ ಅದನ್ನು ದಾಟುವುದಿಲ್ಲ, ಗಾಡಿಗಳು ಕಾಯುತ್ತವೆ, ಹೆಣವಾದರೂ ಸುತ್ತು ಹಾಕಿ ಹೋಗುತ್ತದೆ. ಇದು ನಮ್ಮ ಬೀದಿಯ ಕಟ್ಟು. ಕೊನೆಯಲ್ಲಿ ಬಿಗಿ ನೋಡುವಾಗ ಮಾತ್ರ ತುದಿಯ ಹಗ್ಗವನ್ನು ಗೂಟದಿಂದ ಬಿಚ್ಚಿ ಮನುಷ್ಯನೇ ಹಿಡಿಯಬೇಕು. ಚಿಕ್ಕಪ್ಪ ಅದನ್ನು ಸೊಂಟಕ್ಕೆ ಎರಡು ಸುತ್ತು ಸುತ್ತಿ, ಹಿಮ್ಮಡಿ ಊರಿ, ಹಿಂದಕ್ಕೆ ಜೋತು ನಿಲ್ಲುತ್ತಿದ್ದ. ಈ ತುದಿಯವನು “ಬಿಡು” ಎನ್ನುವ ತನಕ ಆ ತುದಿಯವನು ಬಿಡಬಾರದು. ಬಿಟ್ಟರೆ ಸಾವಿರಾರು ಎಳೆ ಒಂದಕ್ಕೊಂದು ಸಿಕ್ಕಾಗಿ ತಿಂಗಳ ಕೆಲಸ ಕಸವಾಗುತ್ತದೆ. ಅಂದು ಅಪ್ಪ ಈ ತುದಿಯಲ್ಲಿ, ಚಿಕ್ಕಪ್ಪ ಆ ತುದಿಯಲ್ಲಿ ನಮ್ಮ ಕಡೆ ಮುಖ ಮಾಡಿ, ಮಾತು ಸಾಗಿಸಲು ನಾನು ನಡುವೆ.

ಚಿಕ್ಕಪ್ಪನ ಬೆನ್ನ ಹಿಂದೆ, ಬೀದಿಯ ಬಾಯಲ್ಲಿ, ತಮಟೆ ಕೇಳಿಸಿತು. ಚನ್ನೇಗೌಡರ ಕಡೆಯವರು ಮೆರವಣಿಗೆ ಬರುತ್ತಿದ್ದರು. ಎತ್ತಿನ ಗಾಡಿಗಳು ಎರಡು, ಗಾಡಿಗಳ ತುಂಬ ಜನ. ಹಾಸು ಕಂಡು ಅವರು ನ್ಯಾಯವಾಗಿಯೇ ನಿಂತರು. ಗಾಡಿಯ ಮೇಲಿದ್ದ ಹಿರಿಯರೊಬ್ಬರು ಕೈ ಎತ್ತಿ, ನಿಲ್ಲಿಸ್ರೋ ಅಂದದ್ದು ಕಾಣಿಸಿತು. ಜನ ಇಳಿಯತೊಡಗಿದರು. ತಮಟೆಯವನು ಮಾತ್ರ ಉಮೇದಿನಲ್ಲಿ ಮುಂದಿನ ಗಾಡಿಯ ಎತ್ತುಗಳ ಕಿವಿಯ ಹತ್ತಿರವೇ ಬಾರಿಸಿದ. ಎತ್ತು ಬೆದರಿದವು. ಮೂಗುದಾರ ಹಿಡಿದಿದ್ದವನು ಉರುಳಿಬಿದ್ದ. ಗಾಡಿ ಚಿಕ್ಕಪ್ಪನ ಬೆನ್ನಿಗೆ ನೇರ ಬರತೊಡಗಿತು. ಗೌಡರ ಕಡೆಯವರು ಕೂಗುತ್ತಿದ್ದರು, ಅದು ಜೈಕಾರವೋ ಎಚ್ಚರಿಕೆಯೋ ತಮಟೆಯ ಸದ್ದಿನಲ್ಲಿ ತಿಳಿಯುವಂತಿರಲಿಲ್ಲ. ಚಿಕ್ಕಪ್ಪ ತಿರುಗಿಯೂ ನೋಡಲಿಲ್ಲ. ಹಾಸು ಇರುವ ಬೀದಿಗೆ ಗಾಡಿ ನುಗ್ಗುವುದುಂಟೆ? ಅಪ್ಪ ನೋಡಿದ. ನೋಡಿ, ತಮ್ಮನನ್ನು ಕೂಗಲಿಲ್ಲ. ನನ್ನನ್ನು ಕೂಗಿದ.

“ಗಿರಿಜಾ! ನಿನ್ನ ಚಿಕ್ಕಪ್ಪಂಗೆ ಬಿಡು ಅನ್ನೇ!”

ನಾನು ಕೂಗಿದೆ. “ಚಿಕ್ಕಪ್ಪಾ, ಅಪ್ಪ ಬಿಡು ಅಂತಾರೆ! ಬಿಡಂತೆ!”

ಚಿಕ್ಕಪ್ಪನಿಗೆ ಕೇಳಿಸಿತು. ಅವನು ನಕ್ಕ.

“ಇದೂ ನೀನೇ ಕಟ್ಟಿದ್ದೇನೇ?”

ಬಿಗಿ ಇನ್ನೂ ಬಂದಿರಲಿಲ್ಲ. ಕಸುಬು ಬಲ್ಲ ಯಾವನೂ ಆಗ ಬಿಡು ಎನ್ನುವುದಿಲ್ಲ. ಹಾಗೆ ಹೇಳಿದವಳು ಮೊದಲೇ ಸುಳ್ಳಿ. ನಾನು ಅವನ ಕಡೆ ಓಡಿದೆ. ಯಾಕೆ ಓಡಿದೆನೋ, ಕೈ ಹಿಡಿದು ಎಳೆಯಬೇಕೆಂದೋ ಏನೋ. ಓಡುವಾಗ ಎತ್ತಿನ ಕೊಂಬಿನ ಹಿತ್ತಾಳೆ ಗೊಣಸು ಹೊಳೆದದ್ದು ಕಂಡಿತು. ಆಗ ನನ್ನ ಬೆನ್ನ ಹಿಂದಿನಿಂದ ಅಪ್ಪನ ಗಂಟಲು ಸೀಳಿ ಬಂತು:

“ನಾಗಾ! ಬಿಡೋ!”

ಚಿಕ್ಕಪ್ಪ ಬಿಟ್ಟ. ಯೋಚಿಸಿ ಬಿಟ್ಟದ್ದಲ್ಲ. ಅಣ್ಣನ ಬಾಯಿಂದ ಆ ಮಾತು ಬಂದ ಕೂಡಲೆ ಬಿಡುವುದಕ್ಕೆ ಆ ಕೈ ಪಳಗಿತ್ತು. ಸೊಂಟದ ಸುತ್ತು ಬಿಚ್ಚಿತು, ಹಾಸು ಹಾವಿನಂತೆ ಬುಸುಗುಟ್ಟಿ ಸುರುಳಿಯಾಗಿ ಬಿತ್ತು. ಅವನು ಒಂದು ಹೆಜ್ಜೆ ಜಗಲಿಯ ಕಡೆ ಹಾರಿದ್ದರೆ ಪಾರಾಗುತ್ತಿದ್ದ. ಆದರೆ ದಾರಿಯ ನಡುವೆ ನಾನಿದ್ದೆ. ಅವನು ಆ ಕಡೆ ಹಾರದೆ ಈ ಕಡೆ ಬಂದು, ನನ್ನನ್ನು ರಟ್ಟೆ ಹಿಡಿದು ಎತ್ತಿ ಯಾರದೋ ಜಗಲಿಯ ಮೇಲೆ ಎಸೆದ. ಗಾಡಿಯ ಚಕ್ರ ಅವನ ಎಡಗಾಲ ಪಾದದ ಮೇಲೆ ಹಾದುಹೋಯಿತು.

ಮುಂದೆ ಬೆಂಗಳೂರಿನ ಕಾಲೇಜಿನಲ್ಲಿ ದೂರ, ವೇಗ, ಕಾಲಗಳ ಪಾಠ ಕಲಿತ ಮೇಲೆ ನಾನು ಆ ಬೀದಿಯನ್ನು ಎಷ್ಟೋ ಸಲ ನೋಟುಬುಕ್ಕಿನ ಹಿಂದಿನ ಹಾಳೆಯಲ್ಲಿ ಗೀಚಿದ್ದೇನೆ. ಅಪ್ಪ ಇಲ್ಲಿ, ಚಿಕ್ಕಪ್ಪ ಅಲ್ಲಿ, ಗಾಡಿ ಹೀಗೆ ಬರುತ್ತದೆ. ಅಪ್ಪ ಮೊದಲೇ ತಾನೇ ಕೂಗಿದ್ದರೆ? ನಾನು ಹಿಂದೆ ಸುಳ್ಳು ಕಟ್ಟದೇ ಇದ್ದಿದ್ದರೆ? ಕೂಗಿದವಳು ಓಡದೆ ನಿಂತಿದ್ದರೆ? ಯಾವ ರೀತಿ ಬರೆದರೂ ಅವನು ತಪ್ಪಿಸಿಕೊಳ್ಳುವಷ್ಟು ಹೊತ್ತು ಸಿಗುತ್ತದೆ. ಆ ಒಂದು ದಿನ ನಡೆದ ರೀತಿಯಲ್ಲಿ ಮಾತ್ರ ಸಿಗುವುದಿಲ್ಲ. ಈಗಲೂ ಹಿಂದಿನಿಂದ ಗಾಡಿಯ ಸದ್ದು ಬಂದರೆ ನನ್ನ ಕಾಲು ತಾನಾಗಿ ರಸ್ತೆಯ ಅಂಚಿಗೆ ಹೋಗುತ್ತದೆ. ಯಾರಾದರೂ ನನಗೆ, “ಸ್ವಲ್ಪ ಅವರಿಗೆ ಹೇಳಿಬಿಡಿ” ಎಂದರೆ, ನೀವೇ ಹೇಳಿ ಎಂದು ಒರಟಾಗಿ ಅಂದುಬಿಡುತ್ತೇನೆ. ಜನ ನನ್ನನ್ನು ಗರ್ವಿಷ್ಠೆ ಅಂದುಕೊಂಡಿದ್ದಾರೆ.

ಮೂಳೆ ಕಟ್ಟುವ ದಸ್ತಗೀರ್ ಸಾಬರು ಬಂದು ಬಿದಿರಿನ ದಬ್ಬೆ ಇಟ್ಟು ಕಾಲು ಕಟ್ಟಿದರು. “ನಲವತ್ತು ದಿನ ನೆಲ ಮುಟ್ಟಬಾರದು ನಾಗಪ್ಪ. ಗುಂಡಿಗಂತೂ ಇಳೀಲೇಬೇಡ,” ಎಂದರು. ಗೌಡರು ತಾವೇ ಬಂದು, ಚಾಪೆಯ ಪಕ್ಕ ನೆಲದ ಮೇಲೆ ಕೂತು, ಚಿಕ್ಕಪ್ಪನ ಕೈ ಹಿಡಿದುಕೊಂಡು ಹೋದರು. ಅಪ್ಪ ಹಗಲೆಲ್ಲ ತಮ್ಮನ ಹತ್ತಿರ ಕೂತು, ಕೆಟ್ಟ ಹಾಸಿನ ಎಳೆಗಳನ್ನು ಒಂದೊಂದಾಗಿ ಬಿಡಿಸುತ್ತಿದ್ದ. ಆ ಒಂದು ಕೂಗಿನ ನಂತರ ಮತ್ತೆ ಬಾಯಿ ಬಿಟ್ಟಿರಲಿಲ್ಲ. ಮೊದಲು ಸಿಟ್ಟಿಗೆ ಬಿಟ್ಟ ಮಾತು ಈಗ ನಾಚಿಕೆಗೆ ಬರುತ್ತಿರಲಿಲ್ಲ ಎಂದು ನನಗೆ ತಿಳಿದದ್ದು ಬಹಳ ತಡವಾಗಿ. ಚಿಕ್ಕಪ್ಪನೂ ಸೂರು ನೋಡಿಕೊಂಡು ಮಲಗಿರುತ್ತಿದ್ದ. ನನ್ನ ಕೈಲಿ ಮಾತು ಕಳಿಸಲು ಇಬ್ಬರೂ ಹೆದರಿದರು. ನಾನೂ ಅವರ ಕಣ್ಣಿಗೆ ಬೀಳದೆ ಅಡುಗೆಮನೆಯ ಕಣಜದ ಹಿಂದೆ ಕೂರುತ್ತಿದ್ದೆ. ಮಗ್ಗ ನಿಂತಿತ್ತು. ಅಜ್ಜಿ ಹೇಳಿದ ಪಾಲಿನ ದಿನ ಮಾತ್ರ ಒಂದೊಂದೇ ದಿನ ಹತ್ತಿರ ಬರುತ್ತಿತ್ತು. ಚಿಕ್ಕಮ್ಮ ಬೇರೆ ಒಲೆಗೆಂದು ಹಿತ್ತಿಲಲ್ಲಿ ಮೂರು ಕಲ್ಲು ಆರಿಸಿ ಗೋಡೆಗೆ ಒರಗಿಸಿಟ್ಟದ್ದನ್ನು ನೋಡಿ ಅಮ್ಮ ಸೆರಗು ಬಾಯಿಗಿಟ್ಟುಕೊಂಡಳು.

ಓಟಿನ ಹಿಂದಿನ ಸಂಜೆ ವಕೀಲರ ಕಡೆಯ ಒಬ್ಬರು ಜಗಲಿಗೆ ಬಂದು ಅಪ್ಪನ ಕಿವಿಯ ಹತ್ತಿರ ಬಾಗಿದರು. ನಾನು ಬಾಗಿಲ ಸಂದಿಯಲ್ಲಿದ್ದೆ.

“ನಿಮ್ಮ ತಮ್ಮನ್ನ ಮಲಗಿರೋಕೆ ಬಿಡಿ ಸ್ವಾಮಿ. ನಡೆಯೋಕಾಗಲ್ಲ, ಯಾರೂ ಏನೂ ಅನ್ನಲ್ಲ. ಒಂದೊಂದು ಓಟಿಗೂ ಒದ್ದಾಡೋ ಹಾಗಿದೆ.”

ಅಪ್ಪ ಅವರಿಗೆ ಎಲೆ ಅಡಿಕೆ ಕೊಟ್ಟು ಕಳಿಸಿದ.

ಮಾರನೆಯ ಬೆಳಿಗ್ಗೆ ಅಪ್ಪ ಸ್ನಾನ ಮಾಡಿ, ಖಾದಿ ಜುಬ್ಬ ಹಾಕಿಕೊಂಡ. ಅಜ್ಜಿ ಆಗಲೇ ಕೋಲೂರಿಕೊಂಡು ಹೊರಟಿದ್ದಳು. ಅಪ್ಪ ಬಾಗಿಲ ತನಕ ಹೋದ. ಹೊಸ್ತಿಲಲ್ಲಿ ನಿಂತ. ಅವನು ಹೊರಗೆ ಕಾಲಿಟ್ಟರೆ ನಾಳೆ ನಮ್ಮ ಮನೆ ಎರಡು. ಅವನು ತಿರುಗಿ ಬಂದು ಚಾಪೆಯ ಪಕ್ಕ ಕುಕ್ಕರಗಾಲಲ್ಲಿ ಕೂತ, ತಮ್ಮನಿಗೆ ಬೆನ್ನು ಮಾಡಿ.

“ಹತ್ತು,” ಎಂದ.

ಚಿಕ್ಕಪ್ಪ ಅಲುಗಾಡಲಿಲ್ಲ.

“ಹತ್ತೋ ನಾಗ. ಹೊತ್ತಾಯ್ತು.”

“ಎಲ್ಗೆ?”

“ಮದ್ವೆಗೆ! ಎಲ್ಗೆ ಅಂತೆ. ಹತ್ತು ಸುಮ್ನೆ.”

“ನಾನು ಯಾರಿಗೆ ಹಾಕ್ತೀನಿ ಗೊತ್ತಲ್ಲಣ್ಣ?”

“ಗೊತ್ತಿಲ್ದೆ ಏನು, ಊರಿಗೇ ಗೊತ್ತು. ನನ್ನ ಬೆನ್ನು ಮುರಿಯೋದ್ರೊಳಗೆ ಹತ್ತು.”

ಶಾಲೆ ಊರಿನ ಆ ಕೊನೆಯಲ್ಲಿತ್ತು. ದಾರಿಯಲ್ಲಿ ಸಿಕ್ಕವರು ಗಾಡಿ ಕಟ್ಟಿಸಲೇ ಎಂದು ಕೇಳಿದರೆ ಚಿಕ್ಕಪ್ಪ ಅಪ್ಪನ ಕುತ್ತಿಗೆಯನ್ನು ಇನ್ನೂ ಬಿಗಿಯಾಗಿ ತಬ್ಬಿಕೊಳ್ಳುತ್ತಿದ್ದ. ಅಪ್ಪನೇ ಬೇಡ ಅನ್ನುತ್ತಿದ್ದ. ಒಂದು ಜಗಲಿಯಿಂದ ಇನ್ನೊಂದು ಜಗಲಿಗೆ ಕೂತು, ಎದ್ದು, ದಮ್ಮು ಕಟ್ಟಿ ಹೊತ್ತು ನಡೆದ. ನಾನು ಹಿಂದೆ ಹಿಂದೆ ನಡೆದೆ. ಅಂದಿನ ಫಲವನ್ನು ಇಲ್ಲೇ ಹೇಳಿಬಿಡುತ್ತೇನೆ: ಗೌಡರು ಗೆದ್ದರು, ಆದರೆ ಮೇಲಿನವರು ಅದನ್ನು ಬದಿಗಿಟ್ಟು ಬೇರೆ ತಾಲ್ಲೂಕಿನ ಯಾರನ್ನೋ ತಂದು ನಿಲ್ಲಿಸಿದರು. ಅಪ್ಪನೂ ಚಿಕ್ಕಪ್ಪನೂ ಆ ಅಪರಿಚಿತರ ಪರವಾಗಿ ಕೂಡಿಯೇ ಬೀದಿ ಸುತ್ತಿದರು. ಅಜ್ಜಿ ಯಾರಿಗೆ ಹಾಕಿದಳೋ ಸಾಯುವ ತನಕ ಹೇಳಲಿಲ್ಲ. ಚಿಕ್ಕಪ್ಪನ ಪಾದ ಮೊದಲಿನಂತಾಗಲಿಲ್ಲ. ಮಗ್ಗದಲ್ಲಿ ಅಪ್ಪ ನಡುವಿಗೆ ಬಂದ, ಅವನು ಪಕ್ಕಕ್ಕೆ ಹೋದ. ಮೊದಮೊದಲು ಅವನು ನೇಯ್ದ ಅಂಚನ್ನು ನೋಡಿ ಅಪ್ಪ ಬಿಚ್ಚಿಸುತ್ತಿದ್ದ.

ಆದರೆ ಆ ದಾರಿಯಲ್ಲಿ ಇದ್ಯಾವುದೂ ಗೊತ್ತಿರಲಿಲ್ಲ. ಕೆರೆಯ ಕಡೆಗೆ ತಿರುಗುವಲ್ಲಿ ಅಪ್ಪ ಏದುಸಿರು ಬಿಡುತ್ತಲೇ ಶುರು ಮಾಡಿದ.

“ನಿನ್ನ ಕಾಲು ಮುರಿದ ಗಾಡಿಗೇ ಓಟು ಹಾಕೋಕೆ ಹೋಗ್ತಿದೀಯಲ್ಲೋ, ನಿನಗೆ ಏನು ಹೇಳೋದು?”

“ಗಾಡಿಗಲ್ಲ ಕಣಣ್ಣ, ಗೌಡ್ರಿಗೆ.”

“ಗೌಡ್ರಿಗೆ ಕಾಯ್ದೆ ಗೊತ್ತೇನೋ? ಸಭೇಲಿ ಕೂತು ಏನು ಮಾತಾಡ್ತಾರೆ?”

“ನಿನ್ನ ವಕೀಲ್ರು ಕೆಮ್ಮೋದು ನಿಲ್ಸಿದ್ರೆ ತಾನೇ ಇವ್ರು ಮಾತಾಡೋದು.”

“ಬಾಯ್ಮುಚ್ಚು. ಇಳಿಸ್ಬಿಡ್ತೀನಿ ಇಲ್ಲೇ.”

“ಇಳಿಸು ನೋಡೋಣ.”

ಅಪ್ಪ ಇಳಿಸಲಿಲ್ಲ. ಬೈಗುಳ ಇನ್ನೂ ಜೋರಾಯಿತು. ಜನ ಬಾಗಿಲಿಗೆ ಬಂದು ನಿಂತು ನಕ್ಕರು. ನನಗೆ ಒಂದೊಂದು ಮಾತೂ ಕೇಳಿಸುತ್ತಿತ್ತು. ಯಾವುದನ್ನೂ ನಾನು ಯಾರಿಗೂ ತಿರುಗಿ ಹೇಳಬೇಕಾಗಿರಲಿಲ್ಲ. ಶಾಲೆಯ ಗೇಟು ಕಾಣುವ ಹೊತ್ತಿಗೆ ನಾನು ಅಳುತ್ತಿದ್ದೆ. ಚಿಕ್ಕಪ್ಪ ಅಪ್ಪನ ಹೆಗಲ ಮೇಲಿನಿಂದ ತಿರುಗಿ ನೋಡಿ, ಕೈಯೊಂದನ್ನು ಹಿಂದಕ್ಕೆ ನನ್ನತ್ತ ಚಾಚಿದ.